ಹೊಗೆಯಿಲ್ಲದ ಗಾಳಿಯಲ್ಲಿ ಕಣ ಹುಟ್ಟುವ ಬಗೆ

ಗುಬ್ಬಿ ದಾಟಿದ ಮೇಲೆ ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ ಎಂದು ತಿಪಟೂರಿನ ಕಡೆಗೆ ಸಾಗುವ ರೈಲುದಾರಿಯ ಇಕ್ಕೆಲದಲ್ಲೂ ತೆಂಗಿನ ತೋಟ. ಈ ಸೀಮೆಯಲ್ಲಿ ಗಾಳಿ ಕೆಡುವುದು ಯಾವುದರಿಂದ ಎಂದು ಯಾರನ್ನೇ ಕೇಳಿದರೂ ಕಣ್ಣಿಗೆ ಕಂಡದ್ದನ್ನೇ ಹೇಳುತ್ತಾರೆ. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ, ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳು, ಬೇಸಿಗೆಯಲ್ಲಿ ಒಣಗರಿ, ಮಟ್ಟೆ ಗುಡ್ಡೆಹಾಕಿ ಇಡುವ ಬೆಂಕಿ. ಚಿಕ್ಕನಾಯಕನಹಳ್ಳಿ ಕಡೆಯವರಾದರೆ ಅದಿರು ಲಾರಿಗಳ ಕೆಂಪು ಧೂಳನ್ನೂ ಸೇರಿಸುತ್ತಾರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಗೆ ತಡೆ ಹಾಕುವ ಮುಂಚಿನ ವರ್ಷಗಳನ್ನು ಅವರು ಇನ್ನೂ ಮರೆತಿಲ್ಲ.

ಇವೆಲ್ಲ ಕಣವಾಗಿಯೇ ಗಾಳಿಗೆ ಏರುವಂಥವು. ಇವುಗಳ ಪಕ್ಕದಲ್ಲೇ ಯಾರ ಗಮನಕ್ಕೂ ಬಾರದ ಇನ್ನೊಂದು ವ್ಯವಹಾರ ನಡೆಯುತ್ತಿರುತ್ತದೆ. ಕೊಟ್ಟಿಗೆಯ ಗಂಜಲದಿಂದ, ತಿಪ್ಪೆಯಿಂದ, ಬುಡಕ್ಕೆ ಹಾಕಿದ ಯೂರಿಯಾದಿಂದ ಅಮೋನಿಯ ಏಳುತ್ತದೆ. ಕಲ್ಲಿದ್ದಲು, ಡೀಸೆಲ್ ಉರಿದಲ್ಲಿ ಗಂಧಕದ ಡೈಆಕ್ಸೈಡ್ ಹೊರಬೀಳುತ್ತದೆ. ಬಿಸಿಲೇರಿದಂತೆ ಎಲೆಗಳೂ ಬಗೆಬಗೆಯ ಆವಿಗಳನ್ನು ಬಿಡುತ್ತವೆ. ಹೊರಡುವಾಗ ಇವೆಲ್ಲ ಬರೀ ಅನಿಲ. ಆದರೆ ಕೆಲವು ಗಂಟೆಗಳಲ್ಲಿ ಇವುಗಳ ಅಣುಗಳೇ ಒಂದಕ್ಕೊಂದು ಅಂಟಿ, ಎಲ್ಲಿಂದಲೂ ಹಾರಿ ಬಾರದ ಹೊಸ ಕಣಗಳು ಗಾಳಿಯಲ್ಲಿ ಹುಟ್ಟಿಬಿಡುತ್ತವೆ. ಇದು ಎಲ್ಲೋ ಒಮ್ಮೊಮ್ಮೆ ಆಗುವ ವಿಚಿತ್ರವೇನಲ್ಲ. ಮೋಡದ ಹನಿ ಕಟ್ಟಲು ಬೇಕಾದ ಬೀಜಕಣಗಳಲ್ಲಿ ಜಗತ್ತಿನಾದ್ಯಂತ ಸುಮಾರು ಶೇ. 45ರಷ್ಟು ಹೀಗೆ ಅನಿಲದಿಂದ ಹುಟ್ಟಿದವು ಎಂದು 2009ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳಿತು. 2017ರ ಇನ್ನೊಂದು ಲೆಕ್ಕ ಅದನ್ನು ಅರ್ಧಕ್ಕಿಂತ ತುಸು ಮೇಲೆಯೇ ಇರಿಸಿತು.

ಯಾವ ಅನಿಲ ಕಣವಾಗುತ್ತದೆ, ಹೇಗೆ ಆಗುತ್ತದೆ ಎಂಬ ಪ್ರಶ್ನೆಗೆ ನೂರೈವತ್ತು ವರ್ಷದ ಚರಿತ್ರೆ ಇದೆ. ಅದರಲ್ಲಿ ಬಹುಭಾಗ ಉತ್ತರಗಳು ಬಂದದ್ದು ಕಳೆದ ಹದಿನೈದು ವರ್ಷಗಳಲ್ಲಿ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕಣದ ಹುಟ್ಟಿನಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಹುಟ್ಟಿದ ಕಣದ ಉಳಿವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಮ್ಮ ತೆಂಗಿನ ಸೀಮೆಯ ಗಾಳಿಯನ್ನು ಅರಿಯಲು ಇದೇ ಸರಿಯಾದ ದಾರಿ.

ಮೊದಲು ಕಂಡವನು ಜಾನ್ ಟಿಂಡಾಲ್. 1868ರ ಸುಮಾರಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಆತ ಉದ್ದನೆಯ ಗಾಜಿನ ಕೊಳವೆಯೊಂದಕ್ಕೆ ಧೂಳು ತೆಗೆದ ಗಾಳಿ ತುಂಬಿ, ಅಮೈಲ್ ನೈಟ್ರೈಟ್‌ನಂಥ ದ್ರವಗಳ ಆವಿ ಬೆರೆಸಿ, ಕತ್ತಲಕೋಣೆಯಲ್ಲಿ ಅದರೊಳಗೆ ಪ್ರಖರ ಬೆಳಕು ಹಾಯಿಸಿದ. ಏನೂ ಇಲ್ಲದಂತಿದ್ದ ಕೊಳವೆಯಲ್ಲಿ ನೋಡನೋಡುತ್ತ ತೆಳು ನೀಲಿ ಮೋಡ ಕಟ್ಟಿತು. ಬೆಳಕು ಬೀಳುತ್ತ ಹೋದಂತೆ ಬೆಳ್ಳಗಾಯಿತು. ಬೆಳಕು ಆವಿಯನ್ನು ಒಡೆದು ಕಣ ಮಾಡಿತ್ತು. ನೀಲಿ ಬಿಳಿಯಾದದ್ದು ಕಣ ದಪ್ಪವಾದದ್ದರ ಗುರುತು.

ಎಣಿಕೆ ಕಲಿಸಿದವನು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್. ತೇವದ ಗಾಳಿಯನ್ನು ಥಟ್ಟನೆ ಹಿಗ್ಗಿಸಿದರೆ ಅದು ತಣ್ಣಗಾಗಿ ಮಂಜು ಕಟ್ಟುತ್ತದೆ, ಆದರೆ ಅದೇ ಗಾಳಿಯನ್ನು ಹತ್ತಿಯಲ್ಲಿ ಸೋಸಿ ಬಿಟ್ಟರೆ ಮಂಜು ಕಟ್ಟುವುದಿಲ್ಲ. ಇದನ್ನು ಫ್ರಾನ್ಸಿನ ಕೂಲಿಯೇ ಎಂಬಾತ 1875ರಲ್ಲೇ ತೋರಿಸಿದ್ದ. ಪ್ರತಿ ಹನಿಗೂ ಒಂದು ಕಣ ಬೇಕು ಎಂದಾದರೆ ಹನಿ ಎಣಿಸಿದರೆ ಕಣ ಎಣಿಸಿದಂತೆಯೇ ಎಂದು ಐಟ್ಕೆನ್ ಹಿಡಿದುಕೊಂಡ. 1880ರ ದಶಕದ ಕೊನೆಗೆ ಆತ ಕಟ್ಟಿದ ಯಂತ್ರ ಸಣ್ಣ ಪೆಟ್ಟಿಗೆಯಷ್ಟಿತ್ತು. ಒಳಗೆ ಒದ್ದೆ ಕಾಗದ, ಒಂದು ಪಂಪು, ತಳದಲ್ಲಿ ಮಿಲಿಮೀಟರ್ ಚೌಕ ಗೀಚಿದ ಹೊಳೆಯುವ ಬೆಳ್ಳಿಯ ತಗಡು. ಪಂಪು ಎಳೆದಾಗ ಮಂಜಿನ ಹನಿ ತಗಡಿನ ಮೇಲೆ ಉದುರುತ್ತಿತ್ತು. ಭೂತಗನ್ನಡಿ ಹಿಡಿದು ಒಂದು ಚೌಕದಲ್ಲಿ ಎಷ್ಟು ಬಿದ್ದವೆಂದು ಎಣಿಸಿದರೆ ಲೆಕ್ಕ ಸಿಕ್ಕಿತು. ಇವತ್ತಿನ ಕಣ ಎಣಿಸುವ ಯಂತ್ರದಲ್ಲೂ ಮೂಲ ಉಪಾಯ ಇದೇ. ನೀರಿನ ಬದಲು ಬ್ಯೂಟನಾಲ್ ಆವಿ, ಕಣ್ಣಿನ ಬದಲು ಲೇಸರ್, ಅಷ್ಟೇ ವ್ಯತ್ಯಾಸ. ಬರಿಗಣ್ಣಿಗಿರಲಿ, ಬೆಳಕಿಗೇ ಸಿಕ್ಕದಷ್ಟು ಚಿಕ್ಕ ಕಣ ಬ್ಯೂಟನಾಲ್ ಮೆತ್ತಿಕೊಂಡು ಉಬ್ಬಿ ಲೇಸರಿಗೆ ಸಿಕ್ಕಿಬೀಳುತ್ತದೆ. ಆ ಪೆಟ್ಟಿಗೆ ಹೊತ್ತು ಬೆಟ್ಟ ಬಯಲು ಸುತ್ತಿದ ಐಟ್ಕೆನ್, ಬಿಸಿಲು ಬಿದ್ದ ದಿನಗಳಲ್ಲಿ ಕಣಗಳ ಸಂಖ್ಯೆ ತಾನಾಗಿಯೇ ಏರುವುದನ್ನು ಕಂಡು, ಸೂರ್ಯನೇ ಮಂಜಿನ ಬೀಜ ಹುಟ್ಟಿಸುತ್ತಾನೆ ಎಂದು ಬರೆದ. ಅವನ ಕಾಲಕ್ಕೆ ಆ ಮಾತನ್ನು ಮುಂದಕ್ಕೆ ಒಯ್ಯುವ ರಸಾಯನಶಾಸ್ತ್ರ ಸಿದ್ಧವಿರಲಿಲ್ಲ.

ಸಿ.ಟಿ.ಆರ್. ವಿಲ್ಸನ್ 1894ರಲ್ಲಿ ಬೆನ್ ನೆವಿಸ್ ಶಿಖರದ ಮೋಡಗಳನ್ನು ನೋಡಿ ಬಂದು ಮೋಡದ ಪೆಟ್ಟಿಗೆ ಕಟ್ಟಿದ, ಕಣವೇ ಇಲ್ಲದ ಗಾಳಿಯಲ್ಲೂ ವಿದ್ಯುತ್ ಹೊತ್ತ ಅಯಾನುಗಳ ಮೇಲೆ ಹನಿ ಕಟ್ಟುತ್ತದೆಂದು ತೋರಿಸಿದ. 1927ರ ನೊಬೆಲ್ ಅವನಿಗೆ ಬಂತು. ಆದರೆ ಆ ಪೆಟ್ಟಿಗೆ ಪರಮಾಣು ವಿಜ್ಞಾನಿಗಳ ಪಾಲಾಯಿತು. ಹವಾಮಾನದ ಪ್ರಶ್ನೆ ಅಲ್ಲೇ ಉಳಿಯಿತು.

ತೊಡಕು ಇರುವುದು ಮೊದಲ ಹೆಜ್ಜೆಯಲ್ಲಿ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಆ ಗಾತ್ರದ ಗುಂಪಿನಲ್ಲಿ ಬೆರಳೆಣಿಕೆಯಷ್ಟು ಅಣುಗಳಿರುತ್ತವೆ, ಹೆಚ್ಚುಕಡಿಮೆ ಎಲ್ಲವೂ ಅಂಚಿನಲ್ಲೇ ಇರುತ್ತವೆ. ಹಿಡಿದಿಡಲು ಸುತ್ತ ನೆರೆಯ ಅಣುಗಳು ಸಾಲದೆ ಒಂದೊಂದೇ ಮತ್ತೆ ಆವಿಯಾಗಿ ಹಾರಿಹೋಗುತ್ತವೆ. ಗುಂಪು ಒಂದು ಗಾತ್ರ ದಾಟಿದ ಮೇಲೆ ಬೆಳೆಯುವುದು ಸಲೀಸು. ದಾಟುವ ಮುಂಚೆ ಚದುರುವುದೇ ಸಹಜ. ಹಾಗಾಗಿ ಕಣ ಕಟ್ಟುವ ಆವಿ ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡದ ಜಾತಿಯದಾಗಿರಬೇಕು. ಗಂಧಕಾಮ್ಲ ಅಂಥದ್ದು. ಬಿಸಿಲಿನಲ್ಲಿ ಹುಟ್ಟುವ ಹೈಡ್ರಾಕ್ಸಿಲ್ ಎಂಬ ಚುರುಕಾದ ಅಣು ಗಂಧಕದ ಡೈಆಕ್ಸೈಡಿನ ಮೇಲೆರಗಿ, ಒಂದೆರಡು ಮೆಟ್ಟಿಲು ದಾಟಿ, ನೀರಾವಿಯ ಜೊತೆ ಸೇರಿ ಅದನ್ನು ಗಂಧಕಾಮ್ಲವಾಗಿಸುತ್ತದೆ. ಕಣ ಬೆಳಗ್ಗೆ ಬಿಸಿಲೇರಿದ ಮೇಲೆ ಹುಟ್ಟುವುದಕ್ಕೆ ಕಾರಣ ಇದೇ. ಈ ಆಮ್ಲದ ಅಣುಗಳು ಎಷ್ಟು ವಿರಳ ಎಂದರೆ, ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಐವತ್ತು ಲಕ್ಷ ಇವೆ ಎಂದುಕೊಂಡರೂ, ಸುಮಾರು ಐದು ಲಕ್ಷ ಕೋಟಿ ಗಾಳಿ ಅಣುಗಳಿಗೆ ಒಂದು ಸಿಕ್ಕಂತಾಯಿತು.

ಗಂಧಕಾಮ್ಲ ಮತ್ತು ನೀರಾವಿ ಎರಡೇ ಸಾಕು ಎಂದು ಬಹುಕಾಲ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಫಿನ್ಲೆಂಡಿನ ಹ್ಯೂತಿಯಾಲ ಎಂಬಲ್ಲಿ ಪೈನ್ ಕಾಡಿನ ನಡುವೆ ಮಾರ್ಕು ಕುಲ್ಮಲ ಮತ್ತು ಸಂಗಡಿಗರು 1996ರಿಂದ ಬಿಡದೆ ಅಳೆಯುತ್ತ ಬಂದಾಗ, ಹುಟ್ಟುತ್ತಿದ್ದ ಕಣಗಳ ಸಂಖ್ಯೆಯನ್ನು ಆ ಲೆಕ್ಕದಿಂದ ವಿವರಿಸಲಾಗಲಿಲ್ಲ. ಹೊತ್ತು ಏರಿದಂತೆ ಕಣದ ಗಾತ್ರ ಏರುವುದನ್ನು ಬಣ್ಣದಲ್ಲಿ ಗುರುತಿಸಿದರೆ ಆ ನಕ್ಷೆ ಬಾಗಿದ ಹಣ್ಣಿನ ಹಾಗೆ ಕಾಣುತ್ತದೆ; ವಿಜ್ಞಾನಿಗಳು ಅದನ್ನು ಬಾಳೆಹಣ್ಣು ಎಂದೇ ಕರೆಯುತ್ತಾರೆ, ಪ್ರಬಂಧಗಳಲ್ಲೂ. ಇಂದು ಯಾವ ಊರಿನಲ್ಲಿ ಅಳೆದರೂ ಮೊದಲು ಹುಡುಕುವುದು ಆ ಬಾಳೆಹಣ್ಣನ್ನೇ.

ಗಂಟು ಬಿಡಿಸಿದ್ದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಕ್ಲೌಡ್ ಪ್ರಯೋಗ. ಅದರ ಹುಟ್ಟಿನ ಕತೆ ಸ್ವಲ್ಪ ತಮಾಷೆಯದು. ಆಕಾಶದಿಂದ ಬರುವ ವಿಶ್ವಕಿರಣಗಳು ಮೋಡಗಳನ್ನು, ತನ್ಮೂಲಕ ಹವಾಮಾನವನ್ನು ಆಳುತ್ತವೆ ಎಂಬ ವಾದ 1990ರ ದಶಕದ ಕೊನೆಗೆ ದೊಡ್ಡ ಸದ್ದು ಮಾಡಿತ್ತು. ಅದನ್ನು ಒರೆಗೆ ಹಚ್ಚಲೆಂದು ಜಾಸ್ಪರ್ ಕಿರ್ಕ್‌ಬಿ ಮುಂದಾಳತ್ವದಲ್ಲಿ 26 ಘನ ಮೀಟರಿನ ಉಕ್ಕಿನ ಹಂಡೆಯೊಂದನ್ನು ಕಟ್ಟಿ, ಅದಕ್ಕೆ ಕಣವೇಗವರ್ಧಕದ ಕಿರಣ ಬಿಟ್ಟರು. 2009ರ ಹೊತ್ತಿಗೆ ಪ್ರಯೋಗ ಆರಂಭವಾಯಿತು. ವಿಶ್ವಕಿರಣದ ಪಾತ್ರ ಇದೆಯಾದರೂ ಹವಾಮಾನವನ್ನು ಆಳುವಷ್ಟಿಲ್ಲ ಎಂದು ಕೊನೆಗೆ ತಿಳಿಯಿತು. ಆದರೆ ಆ ಹಂಡೆಯೊಳಗೆ ಬೇರೆ ಯಾರೂ ಸಾಧಿಸದಷ್ಟು ಶುದ್ಧ ಗಾಳಿ ಇತ್ತು. ಒಂದೊಂದೇ ಅನಿಲವನ್ನು ಚಿಟಿಕೆಗಿಂತ ಚಿಟಿಕೆಯಾಗಿ ಸೇರಿಸಿ ನೋಡುವುದು ಅಲ್ಲಿ ಮೊದಲ ಬಾರಿಗೆ ಸಾಧ್ಯವಾಯಿತು.

2011ರಲ್ಲಿ ಬಂದ ಮೊದಲ ಫಲಿತಾಂಶ ಇದು: ನೆಲಮಟ್ಟದ ಗಾಳಿಯಲ್ಲಿ ಗಂಧಕಾಮ್ಲ ಮತ್ತು ನೀರಾವಿ ಎರಡರಿಂದಲೇ ಸಾಕಷ್ಟು ಕಣ ಹುಟ್ಟುವುದಿಲ್ಲ. ಅಮೋನಿಯ ಸಾವಿರ ಕೋಟಿ ಅಣುಗಳಿಗೆ ಒಂದರಂತೆ ಸೇರಿದರೂ ಹುಟ್ಟಿನ ವೇಗ ನೂರರಿಂದ ಸಾವಿರ ಪಟ್ಟು ಏರುತ್ತದೆ. ಆಮ್ಲ ಪ್ರತ್ಯಾಮ್ಲ ಕೂಡಿದರೆ ಉಪ್ಪು; ಉಪ್ಪಾದ ಗುಂಪಿನಿಂದ ಅಣು ಹಾರಿಹೋಗುವುದು ಕಷ್ಟ. 2013ರಲ್ಲಿ ಇನ್ನೂ ಬಲವಾದ ಪ್ರತ್ಯಾಮ್ಲದ ಸರದಿ ಬಂತು. ದನಕರುಗಳಿರುವಲ್ಲಿ, ಸಾವಯವ ವಸ್ತು ಕೊಳೆಯುವಲ್ಲಿ ಏಳುವ ಡೈಮೀಥೈಲ್ ಅಮೀನ್, ಅಮೋನಿಯಕ್ಕಿಂತ ನೂರಾರು ಪಟ್ಟು ಕಡಿಮೆ ಇದ್ದರೂ, ಅದಕ್ಕಿಂತ ಬಹಳ ಮಿಗಿಲಾದ ಕೆಲಸ ಮಾಡಿತು. 2018ರಲ್ಲಿ ಶಾಂಘೈ ನಗರದ ಗಾಳಿಯಲ್ಲೇ ಗಂಧಕಾಮ್ಲ ಮತ್ತು ಡೈಮೀಥೈಲ್ ಅಮೀನ್ ಕೂಡಿದ ಗುಂಪುಗಳು ಸಿಕ್ಕಿದ್ದರಿಂದ, ಹಂಡೆಯಲ್ಲಿ ಕಂಡದ್ದು ಬೀದಿಯಲ್ಲೂ ನಡೆಯುತ್ತದೆ ಎಂದಾಯಿತು.

ಇದನ್ನೆಲ್ಲ ಸಂಪಿಗೆ, ತುರುವೇಕೆರೆ ಸೀಮೆಗೆ ತಂದು ನೋಡಿ. ಇಲ್ಲಿ ಪ್ರತ್ಯಾಮ್ಲಕ್ಕೆ ಬರವಿಲ್ಲ. ತೋಟ ಇರುವ ಮನೆಯಲ್ಲಿ ಎರಡಾದರೂ ಹಸು, ಮನೆ ಹಿಂದೆ ತಿಪ್ಪೆ, ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ತೋಟದಲ್ಲಿ ರಾತ್ರಿ ಕುರಿಮಂದೆ ತರುಬಿಸುವ ರೂಢಿ. ಮಂದೆ ಎದ್ದುಹೋದ ಬೆಳಗ್ಗೆ ಆ ತೋಟಕ್ಕೆ ಕಾಲಿಟ್ಟರೆ ಮೂಗಿಗೆ ಹೊಡೆಯುವ ಘಾಟು ಅಮೋನಿಯದ್ದೇ. ಕುರಿಯ ಉಚ್ಚೆಯಲ್ಲಿನ ಯೂರಿಯಾವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆದಾಗ ಹೊರಬೀಳುವುದು ಅದು; ಚೀಲದ ಯೂರಿಯಾ ಹಸಿಮಣ್ಣಿನ ಮೇಲೆ ಹಾಗೇ ಬಿದ್ದಿದ್ದರೂ ಆಗುವುದು ಅದೇ. ನೆಲ ಬಿಸಿಯಾದಷ್ಟೂ ಹೆಚ್ಚು. ರೈತನಿಗೆ ಅದು ಗೊಬ್ಬರದ ನಷ್ಟ, ಗಾಳಿಗೆ ಅದು ಕಣದ ಕಚ್ಚಾ ಸಾಮಗ್ರಿ. ಆದ್ದರಿಂದ ಈ ಸೀಮೆಯಲ್ಲಿ ಲೆಕ್ಕ ನಿಲ್ಲುವುದು ಆಮ್ಲದ ಮೇಲೆ. ಗಂಧಕ ಎಷ್ಟು ಬರುತ್ತದೆ ಎಂಬುದರ ಮೇಲೆ ಕಣದ ಹುಟ್ಟು ಏರಿಳಿಯುತ್ತದೆ. ಡೀಸೆಲಿನ ಗಂಧಕ ವಾಹನ ಹೊಗೆಯ ಭಾರತ್ ಹಂತ ನಾಲ್ಕರ ನಿಯಮದಲ್ಲಿ ಹತ್ತು ಲಕ್ಷಕ್ಕೆ 50 ಪಾಲು ಇದ್ದದ್ದು 2020ರ ಏಪ್ರಿಲ್‌ನಿಂದ 10ಕ್ಕೆ ಇಳಿದಿದೆ. ಕಲ್ಲಿದ್ದಲಿನ ಕತೆ ಹಾಗಿಲ್ಲ. ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿಯಲ್ಲಿ ಗಂಧಕ ತೊಳೆಯುವ ಘಟಕ ಹಾಕಬೇಕೆಂಬ ಒತ್ತಾಯ 2015ರ ಡಿಸೆಂಬರಿನ ಅಧಿಸೂಚನೆಯೊಂದಿಗೆ ಬಂತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ಗಾಳಿಗೆ ತಾಲ್ಲೂಕಿನ ಗಡಿ ಇಲ್ಲವಾದ್ದರಿಂದ ದೂರದ ಚಿಮಣಿಯ ಗಂಧಕ ತೋಟದ ಅಮೋನಿಯವನ್ನು ಕೂಡಲು ಅಡ್ಡಿಯೇನಿಲ್ಲ.

ಇನ್ನು ಮರಗಳ ಪಾಲು. ದೂರದ ಬೆಟ್ಟಗಳು ನೀಲಿಯಾಗಿ ಕಾಣುವುದರಲ್ಲಿ ಗಿಡಮರಗಳ ಆವಿಯ ಕೈವಾಡ ಇದೆ ಎಂದು ಫ್ರಿಟ್ಸ್ ವೆಂಟ್ ಎಂಬ ಸಸ್ಯವಿಜ್ಞಾನಿ 1960ರಲ್ಲಿ ಬರೆದಾಗ ಅದು ಊಹೆಯ ಮಾತಾಗಿತ್ತು. ಪೈನ್, ನೀಲಗಿರಿ ಮರಗಳ ಕಟುವಾಸನೆಗೂ ಕಿತ್ತಳೆ ಸಿಪ್ಪೆಯ ಪರಿಮಳಕ್ಕೂ ಕಾರಣವಾದ ಟರ್ಪೀನ್‌ಗಳು ಓಝೋನ್ ತಗುಲಿದಾಗ ಕೆಲವೇ ಕ್ಷಣಗಳಲ್ಲಿ ತಮ್ಮೊಳಗೆ ತಾವೇ ಆಮ್ಲಜನಕ ಸೇರಿಸಿಕೊಳ್ಳುತ್ತ ಹೋಗಿ, ಎಲ್ಲಿ ತಗುಲಿದರೂ ಅಂಟುವಷ್ಟು ಭಾರವಾಗುತ್ತವೆ ಎಂಬುದು 2014ರಲ್ಲಿ ಖಚಿತವಾಯಿತು. 2016ರಲ್ಲಿ ಕ್ಲೌಡ್ ಹಂಡೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಂಧಕಾಮ್ಲ ಇಲ್ಲದೆಯೂ ಈ ಆವಿಗಳಷ್ಟರಿಂದಲೇ ಕಣ ಹುಟ್ಟುತ್ತದೆ. ಹೊಗೆಯ ಯುಗಕ್ಕೆ ಮುಂಚಿನ ಆಕಾಶದಲ್ಲೂ ಮೋಡದ ಬೀಜಕ್ಕೆ ಕೊರತೆ ಇರಲಿಲ್ಲ ಎಂದರ್ಥ. ಮನುಷ್ಯ ಮೋಡವನ್ನು ಎಷ್ಟು ಬದಲಿಸಿದ್ದಾನೆ ಎಂಬ ಲೆಕ್ಕವನ್ನೇ ಇದು ಕೆಳಗಿಳಿಸಿತು, ಏಕೆಂದರೆ ಹೋಲಿಸಬೇಕಾದ ಹಳೆಯ ಆಕಾಶ ನಾವು ಅಂದುಕೊಂಡಷ್ಟು ಖಾಲಿ ಇರಲಿಲ್ಲ.

ತೆಂಗು, ಅಡಿಕೆ, ತಾಳೆಗಳ ಕುಟುಂಬದಲ್ಲಿ ಟರ್ಪೀನಿಗಿಂತ ಹೆಸರಾದದ್ದು ಐಸೊಪ್ರೀನ್ ಎಂಬ ಹಗುರ ಆವಿ. ಮಲೇಷ್ಯಾದ ಸಬಾ ಪ್ರಾಂತದಲ್ಲಿ ಅಳೆದಾಗ, ತಾಳೆಎಣ್ಣೆಯ ತೋಟ ಪಕ್ಕದ ಮಳೆಕಾಡಿಗಿಂತ ಹಲವು ಪಟ್ಟು ಐಸೊಪ್ರೀನ್ ಬಿಡುತ್ತಿತ್ತು. ಈ ಐಸೊಪ್ರೀನ್ ಸ್ವಭಾವ ವಿಚಿತ್ರ. ನೆಲಮಟ್ಟದ ಬೆಚ್ಚನೆ ಗಾಳಿಯಲ್ಲಿ ಅದು ಕಣದ ಹುಟ್ಟಿಗೆ ಅಡ್ಡಗಾಲು. ಹೈಡ್ರಾಕ್ಸಿಲನ್ನು ತಾನೇ ನುಂಗಿ, ಟರ್ಪೀನ್‌ಗಳು ಒಂದಕ್ಕೊಂದು ಕೂಡಿ ಭಾರವಾಗುವುದನ್ನೂ ತಪ್ಪಿಸುತ್ತದೆ. ಐಸೊಪ್ರೀನ್ ಹೆಚ್ಚಾದ ಕಾಡುಗಳಲ್ಲಿ ಕಣ ಹುಟ್ಟುವುದು ಅಪರೂಪವೇಕೆ ಎಂಬುದಕ್ಕೆ ಇದೊಂದು ಉತ್ತರ. ಆದರೆ 2024ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಟ್ಟಿಗೇ ಬಂದ ಎರಡು ಪ್ರಬಂಧಗಳು ಇದರ ಇನ್ನೊಂದು ಮುಖ ತೋರಿಸಿದವು. ಅಮೆಜಾನಿನ ರಾತ್ರಿಯ ಗುಡುಗುಮೋಡಗಳು ಐಸೊಪ್ರೀನನ್ನು ಹತ್ತು ಹನ್ನೆರಡು ಕಿಲೋಮೀಟರ್ ಮೇಲಕ್ಕೆ ಒಯ್ದು ಚೆಲ್ಲುತ್ತವೆ. ಅಲ್ಲಿ ಮೈನಸ್ 50 ಡಿಗ್ರಿ ಚಳಿ, ಮಿಂಚಿನಿಂದ ಹುಟ್ಟಿದ ಸಾರಜನಕದ ಆಕ್ಸೈಡುಗಳು. ಸೂರ್ಯ ಹುಟ್ಟುತ್ತಿದ್ದಂತೆ ಅದೇ ಐಸೊಪ್ರೀನ್ ಅಪಾರ ಸಂಖ್ಯೆಯ ಕಣಗಳಾಗುತ್ತದೆ. ಗಂಧಕಾಮ್ಲದ ಲೇಶ ಇದ್ದರೆ ಹುಟ್ಟಿನ ವೇಗ ನೂರು ಪಟ್ಟು. ಕೆಳಗೆ ತಡೆಯುವುದು ಮೇಲೆ ಹುಟ್ಟಿಸುತ್ತದೆ. ಈ ಕ್ಷೇತ್ರದಲ್ಲಿ ಇತ್ತೀಚೆಗೆ ನನ್ನನ್ನು ಇಷ್ಟು ಬೆರಗುಗೊಳಿಸಿದ ಫಲಿತಾಂಶ ಮತ್ತೊಂದಿಲ್ಲ.

ನಮ್ಮ ಮುಂಗಾರಿನ ಮೇಲೂ ಇಂಥದ್ದೊಂದು ಮಹಡಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಏಷ್ಯಾದ ಆಕಾಶದಲ್ಲಿ 13ರಿಂದ 18 ಕಿಲೋಮೀಟರ್ ಎತ್ತರದಲ್ಲಿ ತೆಳು ಕಣಪದರ ಕಟ್ಟುತ್ತದೆ ಎಂದು ಉಪಗ್ರಹದ ಮಾಹಿತಿಯಿಂದ 2011ರಲ್ಲಿ ತಿಳಿಯಿತು. ಇಸ್ರೋ ಮತ್ತು ನಾಸಾ ಸೇರಿ ಹೈದರಾಬಾದ್ ಮತ್ತು ತಿರುಪತಿ ಬಳಿಯ ಗಾದಂಕಿಗಳಿಂದ ಬಲೂನು ಹಾರಿಸಿ ಅದನ್ನು ಅಳೆದವು. ಮುಂಗಾರು ಮೋಡಗಳು ನೆಲದ ಅಮೋನಿಯವನ್ನು ಅಷ್ಟೆತ್ತರಕ್ಕೆ ಎತ್ತಿ ಒಯ್ಯುತ್ತವೆ. ಅಲ್ಲಿ ನೈಟ್ರಿಕ್ ಆಮ್ಲ, ಗಂಧಕಾಮ್ಲ, ಅಮೋನಿಯ ಮೂರೂ ಕೂಡಿದರೆ, ಯಾವ ಎರಡು ಕೂಡಿದರೂ ಆಗದಷ್ಟು ವೇಗದಲ್ಲಿ ಕಣ ಹುಟ್ಟುತ್ತದೆ ಎಂದು 2022ರಲ್ಲಿ ಕ್ಲೌಡ್ ತಂಡ ತೋರಿಸಿತು.

ಹುಟ್ಟಿನ ಮಾತು ಇಲ್ಲಿಗೆ ಸಾಕು. ಒಂದು ನ್ಯಾನೋಮೀಟರಿನ ಕಣ ಮೋಡಕ್ಕೆ ಬೀಜವಾಗಬೇಕಾದರೆ 50ರಿಂದ 100 ನ್ಯಾನೋಮೀಟರಿಗೆ ಬೆಳೆಯಬೇಕು. ಗಂಟೆಗೆ ಮೂರು ನ್ಯಾನೋಮೀಟರಿನಂತೆ ಬೆಳೆದರೂ 50ಕ್ಕೆ ತಲುಪಲೇ ಹದಿನಾರು ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಅದು ಗಾಳಿಯಲ್ಲಿ ಮೊದಲೇ ತೇಲುತ್ತಿರುವ ದೊಡ್ಡ ಕಣಕ್ಕೆ ಢಿಕ್ಕಿ ಹೊಡೆದರೆ ಅದರಲ್ಲೇ ಲೀನ. ಕಣ ಚಿಕ್ಕದಾದಷ್ಟೂ ಅದರ ಓಡಾಟ ಚುರುಕು, ಆದ್ದರಿಂದ ಢಿಕ್ಕಿಯೂ ಹೆಚ್ಚು. ಹೊಂಬಾಳೆ ಒಡೆದಾಗ ಹಿಡಿಯುವ ಹರಳುಗಳಲ್ಲಿ ಬಹುಪಾಲು ಉದುರಿ ಕೆಲವೇ ಕಾಯಿ ನಿಲ್ಲುವ ಹಾಗೆ, ಬೆಳಗ್ಗೆ ಹುಟ್ಟಿದ ಕಣಗಳಲ್ಲೂ ಸಂಜೆಗೆ ಉಳಿಯುವುದು ಒಂದು ಪಾಲು ಮಾತ್ರ. ಗಂಧಕಾಮ್ಲದ ಆವಿಗೂ ಇದೇ ಗತಿ. ದೊಡ್ಡ ಕಣಗಳ ಮೈ ಎದುರಿಗೆ ಸಿಕ್ಕರೆ ಹೊಸ ಗುಂಪು ಕಟ್ಟುವ ಗೋಜಿಗೇ ಹೋಗದೆ ಅಲ್ಲೇ ಅಂಟಿಕೊಳ್ಳುತ್ತದೆ. ಹೊಗೆ, ಧೂಳು ದಟ್ಟವಾಗಿರುವಲ್ಲಿ ಹೊಸ ಕಣ ಕಡಿಮೆ ಎಂಬ ಉಲ್ಟಾ ಲೆಕ್ಕ ಬರುವುದು ಇಲ್ಲಿಂದ. ಕೆಂಪು ಧೂಳು ತೇಲುತ್ತಿದ್ದ ದಿನ ಗಾಳಿಯಲ್ಲಿ ತೂಕ ಹೆಚ್ಚು, ಹುಟ್ಟು ಕಡಿಮೆ. ಮಳೆ ತೊಳೆದುಬಿಟ್ಟ ಮರುದಿನದ ಹೊಳೆಯುವ ಬಿಸಿಲಿನಲ್ಲಿ ಇದರ ತಿರುವುಮುರುವು.

ನಮ್ಮ ದೇಶದ ಅಳತೆಗಳನ್ನು ನೋಡಿದರೆ ಈ ಎಳೆದಾಟ ಎದ್ದು ಕಾಣುತ್ತದೆ. ತೆಂಗಿನ ಸೀಮೆಗೆ ಹತ್ತಿರದ ಹೋಲಿಕೆ ಅದೇ ಗಾದಂಕಿ. ಸುತ್ತ ಹಳ್ಳಿ, ಬೇಸಾಯ, ದಕ್ಷಿಣದ ಅದೇ ಬಿಸಿಲು. ವಿಜಯ್ ಕಾನವಡೆ ಮತ್ತು ಸಂಗಡಿಗರು ಅಲ್ಲಿ ಅಳೆದು 2014ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ, ಹೊಸ ಕಣ ಹುಟ್ಟುವುದು ಇಲ್ಲಿ ವಿರಳ ಎಂಬ ಮಾತಿದೆ. ಅದೇ ವರ್ಷ ಬಂದ ಇನ್ನೊಂದು ಪ್ರಬಂಧದಲ್ಲಿ ಪುಣೆ, ಕಾನ್ಪುರಗಳಂಥ ಹೊಗೆ ತುಂಬಿದ ನಗರಗಳಲ್ಲೇ ಕಣ ಹುಟ್ಟಿದ ದಿನಗಳ ವಿವರ ಇತ್ತು. ಹಿಮಾಲಯದ ಮುಕ್ತೇಶ್ವರದಲ್ಲಿ ಶುದ್ಧ ಗಾಳಿ ಇದ್ದರೂ ವರ್ಷದ ಬಹುಪಾಲು ಹುಟ್ಟೇ ಇಲ್ಲ. ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಕೆಳಗಿನ ಬಯಲಿನ ಗಾಳಿ ಬಿಸಿಯಾಗಿ ಮೇಲೇರಿ ಬೆಟ್ಟ ಮುಟ್ಟಿದಾಗ ಮಾತ್ರ ಬಾಳೆಹಣ್ಣು ಕಾಣುತ್ತದೆ. ಇವನ್ನು ಒಟ್ಟಿಗೆ ಇಟ್ಟರೆ, ಬರೀ ಶುದ್ಧ ಗಾಳಿ ಸಾಲದು, ಬರೀ ಕಚ್ಚಾ ಅನಿಲವೂ ಸಾಲದು ಎಂಬುದು ಸ್ಪಷ್ಟ. ಅನಿಲ ಬರುವ ವೇಗ ಮತ್ತು ಹಳೆಯ ಕಣಗಳು ಅದನ್ನು ನುಂಗುವ ವೇಗ, ಎರಡರ ನಡುವಿನ ವ್ಯತ್ಯಾಸವೇ ಆ ದಿನದ ಫಲ. ನಗರಗಳಲ್ಲಿ ನುಂಗುವ ಕಣ ಹೆಚ್ಚಿದ್ದರೂ ಆಮ್ಲ ಮತ್ತು ಅಮೀನ್ ಅದನ್ನು ಮೀರಿ ಬರುತ್ತವೆ. ಹಳ್ಳಿಗಾಡಿನಲ್ಲಿ ಅಮೋನಿಯ ಇದ್ದರೂ ಆಮ್ಲ ಸಾಲದಿರುವ ದಿನಗಳೇ ಹೆಚ್ಚು ಎಂದು ನಾನು ಓದಿಕೊಂಡಿದ್ದೇನೆ.

ಹಗಲಿನ ಈ ನಿಯಮಕ್ಕೆ ಒಂದು ರಾತ್ರಿಯ ಅಪವಾದ ಇದೆ, ಅದು ಚಿಪ್ಪು ಸುಡುವ ಊರುಗಳಿಗೆ ನೇರವಾಗಿ ತಾಗುವಂಥದ್ದು. ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ, ಬಿಸಿಲೇ ಇಲ್ಲದಾಗ, ಅತಿಸಣ್ಣ ಕಣಗಳು ಬಲು ವೇಗವಾಗಿ ದಪ್ಪವಾಗುವುದನ್ನು ಐಐಟಿ ಕಾನ್ಪುರದ ಸಚ್ಚಿದಾನಂದ ತ್ರಿಪಾಠಿ ಅವರೂ ಇದ್ದ ತಂಡ 2023ರಲ್ಲಿ ವರದಿ ಮಾಡಿತು. ಕಾರಣ ಸೌದೆ, ಕಸಕಡ್ಡಿ, ಹುಲ್ಲು ಉರಿಸಿದಾಗ ಬರುವ ಸಾವಯವ ಆವಿ. ರಾತ್ರಿ ನೆಲ ತಣ್ಣಗಾಗುತ್ತಿದ್ದಂತೆ ಆ ಆವಿ ಬಿಸಿಲಿನ ರಸಾಯನಕ್ಕೆ ಕಾಯದೆ ಕಣದ ಮೇಲೆ ಕೂರುತ್ತದೆ.

ಚಿಪ್ಪಿನ ಇದ್ದಿಲಿನ ಗುಂಡಿಯ ಮುಂದೆ ನಿಂತು ನೋಡಿದರೆ ಇದೇ ಕೆಲಸದ ಒರಟು ರೂಪ ಕಣ್ಣಿಗೇ ಕಾಣುತ್ತದೆ. ಗಾಳಿ ಸಾಲದ ಹಾಗೆ ಮುಚ್ಚಿ ಸುಡುವುದರಿಂದ ಚಿಪ್ಪು ಪೂರ್ತಿ ಉರಿಯುವುದಿಲ್ಲ, ಬೇಯುತ್ತದೆ. ಮೂರು ಟನ್ ಚಿಪ್ಪು ಸುಟ್ಟರೆ ಸುಮಾರು ಒಂದು ಟನ್ ಇದ್ದಿಲು. ಉಳಿದ ಎರಡು ಪಾಲು ನೀರಾವಿ, ಅನಿಲ, ಎಣ್ಣೆಯಂಥ ಆವಿಯಾಗಿ ಹೊರಟುಹೋಗುತ್ತದೆ. ಗುಂಡಿಯ ಬಾಯಿಯ ಹತ್ತಿರ ಹೊಗೆ ತೆಳ್ಳಗೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಒಂದು ಮೊಳ ಮೇಲೆ ಹೋಗಿ ತಣ್ಣಗಾದಲ್ಲಿ ಹಳದಿ ಮಿಶ್ರಿತ ಬಿಳಿಯಾಗಿ ದಟ್ಟೈಸುತ್ತದೆ. ಆ ಅಂತರದಲ್ಲಿ ಆವಿ ಕಣವಾಗಿದೆ. ಹುಳಿ ವಾಸನೆ ಅಸೆಟಿಕ್ ಆಮ್ಲದ್ದು, ಗಂಟಲು ಕೆರೆಯುವ ಕಟುವಾಸನೆ ಫೀನಾಲ್ ಜಾತಿಯ ಆವಿಗಳದ್ದು. ಅಲ್ಲೇ ಕಣವಾಗದೆ ಅನಿಲವಾಗಿ ಉಳಿದ ಫೀನಾಲ್‌ಗಳು ಮರುದಿನದ ಬಿಸಿಲಿನಲ್ಲಿ ಹೈಡ್ರಾಕ್ಸಿಲ್ ತಗುಲಿ, ಗುಂಡಿಯಿಂದ ಹರದಾರಿ ದೂರದಲ್ಲಿ, ಎರಡನೇ ಸಲ ಕಣವಾಗುತ್ತವೆ. ಹೊಗೆ ಕಂಡಲ್ಲಿಗೆ ಮಾತ್ರ ದೂರು ಕೊಡುವ ನಮ್ಮ ರೂಢಿಗೆ ಈ ಎರಡನೇ ಹುಟ್ಟು ಸಿಗುವುದೇ ಇಲ್ಲ. ಗುಂಡಿಯ ಬದಲು ಮುಚ್ಚಿದ ಕುಲುಮೆಯಲ್ಲಿ ಸುಟ್ಟು ಆ ಆವಿಯನ್ನು ಮತ್ತೆ ಉರಿಸಿದರೆ ಎರಡೂ ತಪ್ಪುತ್ತವೆ, ಶಾಖವೂ ಸಿಗುತ್ತದೆ.

ಇಷ್ಟೆಲ್ಲ ಆದರೂ ಮಳೆಗೂ ಇದಕ್ಕೂ ಏನು ನಂಟು ಎಂದು ಈ ಸೀಮೆಯವರು ಕೇಳಿಯೇ ಕೇಳುತ್ತಾರೆ. 2017ರ ಆಗಸ್ಟ್ 21ರಂದು ಬೆಂಗಳೂರಿನ ಜಕ್ಕೂರಿನಿಂದ ಶುರುವಾದ ಸರ್ಕಾರದ 'ವರ್ಷಧಾರಿ' ಮೋಡ ಬಿತ್ತನೆ ನೆನಪಿದ್ದವರಿಗೆ ಈ ಪ್ರಶ್ನೆ ಸಹಜ. ವಿಮಾನದ ರೆಕ್ಕೆಗೆ ಕಟ್ಟಿದ ಕಡ್ಡಿಗಳು ಉರಿದು ಉಪ್ಪಿನ ಕಣ ಚೆಲ್ಲುತ್ತವೆ. ಅವು ಅನಿಲದಿಂದ ಹುಟ್ಟಿದ ಕಣಗಳಿಗಿಂತ ಬಹಳ ದಪ್ಪ, ಕೆಲಸವೂ ಬೇರೆ: ಕೆಲವೇ ದೊಡ್ಡ ಹನಿ ಕಟ್ಟಿ ಅವು ಬೇಗ ಬೀಳಲಿ ಎಂಬ ಲೆಕ್ಕಾಚಾರ. ಅನಿಲದಿಂದ ಹುಟ್ಟಿ ನೂರು ನ್ಯಾನೋಮೀಟರಿಗೆ ಬೆಳೆದ ಅಸಂಖ್ಯ ಕಣಗಳು ಮೋಡ ಸೇರಿದರೆ ಇದ್ದ ನೀರು ಸಾವಿರ ಪಾಲಾಗಿ ಹನಿಗಳು ಸಣ್ಣವಾಗುತ್ತವೆ, ಮೋಡ ಹೆಚ್ಚು ಬೆಳ್ಳಗಾಗುತ್ತದೆ, ಆಳವಿಲ್ಲದ ಮೋಡವಾದರೆ ಮಳೆ ತಡವಾಗುತ್ತದೆ. ದಪ್ಪ ಗುಡುಗುಮೋಡದಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಜಗಳ ಮುಗಿದಿಲ್ಲ. 2016ರ ಮುಂಗಾರಿನಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನ ಬೆಂಗಳೂರಿನಿಂದ ಹಾರಿ ಪಶ್ಚಿಮಘಟ್ಟದ ಎರಡೂ ಬದಿಯ ಗಾಳಿ ಅಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಮೊದಲಾದವರು ಸೇರಿದ್ದ ಆ ಇನ್‌ಕಂಪಾಸ್ ಯೋಜನೆಯ ಮುಖ್ಯ ಕಾಳಜಿ ಮಳೆಯದ್ದಾಗಿತ್ತು. ಘಟ್ಟ ಇಳಿದು ತಿಪಟೂರಿನ ಕಡೆ ಬರುವ ಗಾಳಿ ಅಷ್ಟರಲ್ಲಾಗಲೇ ತನ್ನ ಮಳೆ ಸುರಿಸಿ ಬಂದಿರುತ್ತದೆ. ಮಳೆನೆರಳಿಗೆ ಕಣವನ್ನು ಹೊಣೆಯಾಗಿಸುವುದು ನನಗೆ ಸರಿಕಾಣುವುದಿಲ್ಲ.

ಆರೋಗ್ಯದ ವಿಚಾರದಲ್ಲಿ ತೊಂದರೆ ನಮ್ಮ ತಕ್ಕಡಿಯಲ್ಲೇ ಇದೆ. 2009ರ ರಾಷ್ಟ್ರೀಯ ಮಾನದಂಡಗಳು ಹನ್ನೆರಡು ಮಾಲಿನ್ಯಕಾರಕಗಳನ್ನು ಹೆಸರಿಸುತ್ತವೆ. ಪಿಎಂ 2.5 (ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು) ದಿನಕ್ಕೆ ಘನ ಮೀಟರಿಗೆ 60 ಮೈಕ್ರೋಗ್ರಾಂ, ಗಂಧಕದ ಡೈಆಕ್ಸೈಡ್ 80, ಅಮೋನಿಯ 400. ಎಲ್ಲವೂ ತೂಕದ ಲೆಕ್ಕ. ಎರಡೂವರೆ ಮೈಕ್ರಾನಿನ ಒಂದು ಕಣದ ತೂಕಕ್ಕೆ ಹತ್ತು ನ್ಯಾನೋಮೀಟರಿನ ಒಂದೂವರೆ ಕೋಟಿಗೂ ಹೆಚ್ಚು ಕಣ ಬೇಕು. ಘನ ಸೆಂಟಿಮೀಟರಿಗೆ ಅಂಥ ಹತ್ತು ಸಾವಿರ ಕಣ ಇದ್ದರೂ ಘನ ಮೀಟರಿನಲ್ಲಿ ಅವುಗಳ ಒಟ್ಟು ತೂಕ ಮೈಕ್ರೋಗ್ರಾಮಿನ ನೂರನೇ ಒಂದು ಪಾಲಿಗೂ ಕಡಿಮೆ. ಪಿಎಂ 2.5 ಯಂತ್ರಕ್ಕೆ ಅವು ಇಲ್ಲದ ಹಾಗೆಯೇ. ಆದರೆ ದಿನದ ಸರಾಸರಿ ಹತ್ತು ಸಾವಿರ ದಾಟಿದರೆ ಅದನ್ನು ಹೆಚ್ಚು ಎಂದೇ ಪರಿಗಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಷ್ಟು ಸಣ್ಣ ಕಣ ಶ್ವಾಸಕೋಶದ ಕೊನೆಯ ಗುಳ್ಳೆಗಳವರೆಗೂ ಇಳಿಯುತ್ತದೆ. ತಮಾಷೆ ಎಂದರೆ, ವಾಹನಗಳ ವಿಷಯದಲ್ಲಿ ಎಣಿಕೆಯ ನಿಯಮ ನಮ್ಮಲ್ಲಿ ಆಗಲೇ ಇದೆ. ಭಾರತ್ ಹಂತ ಆರರ ಡೀಸೆಲ್ ಕಾರು ಕಿಲೋಮೀಟರಿಗೆ ಅರವತ್ತು ಸಾವಿರ ಕೋಟಿ ಕಣಕ್ಕಿಂತ ಹೆಚ್ಚು ಉಗುಳುವಂತಿಲ್ಲ. ಹೊಗೆಕೊಳವೆಯಲ್ಲಿ ಎಣಿಸುವುದನ್ನು ಹೊರಗಿನ ಗಾಳಿಯಲ್ಲಿ ಎಣಿಸುವುದಿಲ್ಲ.

ಈ ಸೀಮೆಗೆ ಒಂದು ಎಣಿಕೆಯಂತ್ರ ತರುವುದಾದರೆ ಎಲ್ಲಿ, ಯಾವಾಗ ಇಡಬೇಕೆಂಬುದು ಮೇಲಿನ ವಿವರಗಳಿಂದಲೇ ಹೊರಡುತ್ತದೆ. ಗುಂಡಿಗಳಿಂದ, ಹೆದ್ದಾರಿಯಿಂದ ದೂರದ ಒಂದು ತೋಟದ ನಡುವೆ, ಫೆಬ್ರವರಿಯಿಂದ ಮೇವರೆಗೆ, ಪಕ್ಕದಲ್ಲೇ ಗಂಧಕದ ಡೈಆಕ್ಸೈಡ್ ಮತ್ತು ಅಮೋನಿಯ ಅಳೆಯುವ ಯಂತ್ರಗಳೊಂದಿಗೆ. ನೋಡಬೇಕಾದ ದಿನಗಳು ಮೂರು ಬಗೆಯವು: ಅಶ್ವಿನಿ, ಭರಣಿ ಮಳೆ ಸುರಿದು ಗಾಳಿ ತೊಳೆದ ಮರುದಿನ, ಕುರಿಮಂದೆ ಬಿಟ್ಟ ಮರುದಿನ, ಹಬ್ಬಕ್ಕೆ ಆಳುಗಳು ಊರಿಗೆ ಹೋಗಿ ಚಿಪ್ಪಿನ ಗುಂಡಿಗಳು ತಣ್ಣಗಿರುವ ದಿನ. ಮಳೆಯ ಮರುದಿನ ಮಾತ್ರ ಬಾಳೆಹಣ್ಣು ಕಂಡರೆ ಇಲ್ಲಿ ತಡೆಯುತ್ತಿರುವುದು ಹಳೆಯ ಹೊಗೆಧೂಳು. ಮಂದೆಯ ಮರುದಿನವೂ ಕಾಣದೆ, ಗಂಧಕ ಏರಿದ ದಿನ ಮಾತ್ರ ಕಂಡರೆ ಇಲ್ಲಿ ಕೊರತೆ ಆಮ್ಲದ್ದು, ಗಾದಂಕಿಯ ಹಾಗೆ. ಆಗ ನೋಟ ತಿರುಗಬೇಕಾದದ್ದು ಕೊಟ್ಟಿಗೆಯ ಕಡೆಗಲ್ಲ, ಕಲ್ಲಿದ್ದಲು ಉರಿಸುವ ಚಿಮಣಿಗಳ ಕಡೆಗೆ.